ಕಾಲುವೆ ದಂಡೆಯ ಮೇಲೊಂದು ಉದ್ದನೆಯ ಕಣ

ಕಿರ್ರ್, ಕಿರ್ರ್, ಕಿರ್ರ್.

ನಸುಕಿನ ಅರೆನಿದ್ದೆಯಲ್ಲಿ ಈ ಸದ್ದು ನನಗೆ ಈಗಲೂ ಕೇಳುತ್ತದೆ. ಧಾರವಾಡದ ಈ ಮನೆಯ ಸುತ್ತ ಸ್ಕೂಟರುಗಳಿವೆ, ಹಾಲಿನ ಗಾಡಿಯಿದೆ, ಪಕ್ಕದವರ ಮಿಕ್ಸಿಯಿದೆ. ಅವೆಲ್ಲದರ ಆಚೆಯಿಂದ, ಎಣ್ಣೆ ಕುಡಿದ ಚರ್ಮದ ಮೆಟ್ಟು ಜೋಡಿಯೊಂದು ಅವಸರವಿಲ್ಲದೆ ಹೆಜ್ಜೆ ಹಾಕುತ್ತ ಬರುತ್ತದೆ. ಕಣ್ಣು ಬಿಟ್ಟರೆ ನಿಂತುಬಿಡುತ್ತದೆ. ಅದಕ್ಕೇ ನಾನು ಬೇಗ ಕಣ್ಣು ಬಿಡುವುದಿಲ್ಲ.

ಆ ಮೆಟ್ಟು ನನ್ನ ಗಂಡನ ಊರಿನಲ್ಲಿ ನಮ್ಮ ಪಕ್ಕದ ಮನೆಯವರದು. ನವಲಗುಂದ ತಾಲೂಕು, ಮೊರಬದಿಂದ ಆಚೆಗೆ, ಸುತ್ತ ಎತ್ತ ನೋಡಿದರೂ ಕಪ್ಪು ನೆಲ. ಊರೆಲ್ಲ ಅವರನ್ನು ಕಾಕಾ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. ಅವರಿದ್ದಾಗ ಹೆಸರು ಹಿಡಿದು ಕರೆದವಳಲ್ಲ, ಈಗ ಬರೆದರೆ ಏನೋ ಇನ್ಸಲ್ಟ್ ಮಾಡಿದ ಹಾಗೆ ಅನಿಸುತ್ತದೆ.

ನಾನು ಆ ಊರಿಗೆ ಸೊಸೆಯಾಗಿ ಹೋದದ್ದು ಎಪ್ಪತ್ತರ ದಶಕದ ಮೊದಲಿಗೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಪಿಯಾನೋದ ಮೇಲೆ ಚರ್ಚಿನ ಎರಡು ಹಾಡು, ಹಿಮ್, ಬಾರಿಸಬಲ್ಲೆ, ರೊಟ್ಟಿ ಬಡಿಯಲಾರೆ. ಹೋದ ಮೊದಲ ಮಳೆಗಾಲದಲ್ಲೇ ಮನೆಯ ಮುಂದಿನ ಕೆಸರಿನಲ್ಲಿ ಮೊಣಕಾಲುಮಟ್ಟ ಹೂತು ನಿಂತೆ. ಎಳೆದಷ್ಟೂ ಕಾಲು ಒಳಗೆ. ಗೋಡೆಯ ಆಚೆ ಕಿರ್ರ್ ಎಂದು ಸದ್ದಾಯಿತು. ಹಳದಿ ರುಮಾಲಿನ, ತೆಳ್ಳಗೆ ಉದ್ದನೆಯ ಮನುಷ್ಯ, ಹಣೆ ತುಂಬ ವಿಭೂತಿ.

“ಯವ್ವಾ, ಎರಿ ಮಣ್ಣಿನಾಗ ಕಾಲ ಕೀಳಬಾರದು. ಅದು ಬಿಟ್ಟಾಗ ತಗೀಬೇಕು.”

“ಯಾವಾಗ ಬಿಡತೈತ್ರಿ ಅದು?”

“ನೀ ಅವಸರ ಬಿಟ್ಟಾಗ.”

ಕೈ ಕೊಡಲಿಲ್ಲ, ನಗಲೂ ಇಲ್ಲ. ನಿಂತು ನೋಡಿದರು. ನಾನು ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಕಾಲು ತಾನೇ ಸಡಿಲಾಯಿತು. ಸ್ಯಾಂಡಲ್ ಮಾತ್ರ ಸಿಗಲಿಲ್ಲ. “ಅದನ್ನ ಭೂಮಿತಾಯಿ ಇಟಗೊಂಡ್ಲು. ಆಕಿಗೂ ಫ್ಯಾಶನ್ ಬೇಕಲ್ಲ,” ಅಂದು ಹೊರಟುಹೋದರು. ಅಂದಿನಿಂದ ನಾನು ಅವರ ಬಾಯಲ್ಲಿ ‘ಕಾನ್ವೆಂಟವ್ವ’ ಆದೆ.

ಅವರ ಕೆಲವು ಚಾಳಿಗಳು ನನ್ನ ಕಣ್ಣಿಗೆ ಕಟ್ಟಿವೆ. ಹೊಸ ಜಾಗಕ್ಕೆ ಹೋದರೆ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಇಡುತ್ತಿದ್ದರು. ದೂರವನ್ನು ಎಲೆ ಅಡಿಕೆಯಲ್ಲಿ ಅಳೆಯುತ್ತಿದ್ದರು. ಹಳ್ಳದ ತನಕ ಅರ್ಧ ಎಲೆ, ಬಸ್ಸಿನ ರಸ್ತೆಗೆ ಮೂರು ಎಲೆ. ಮಾತಾಡುವಾಗ ಎದುರಿನವರ ಮುಖ ನೋಡದೆ ಕಾಲು ನೋಡುತ್ತಿದ್ದರು. “ಮಾರಿ ಸುಳ್ಳ ಹೇಳತೈತಿ, ಕಾಲ ಹೇಳೂದಿಲ್ಲ,” ಎಂಬುದು ಅವರ ಸಿದ್ಧಾಂತ. ಸ್ವಂತ ಮೆಟ್ಟಿನ ಬಗ್ಗೆಯಂತೂ ಅವರಿಗೆ ಹೆಮ್ಮೆಯೋ ಹೆಮ್ಮೆ. ಪ್ರತಿ ಅಮಾವಾಸ್ಯೆಗೆ ಕುಸುಬಿ ಎಣ್ಣೆ ಸವರಿ ಬಿಸಿಲಿಗಿಡುತ್ತಿದ್ದರು. ಸದ್ದು ಕಡಿಮೆಯಾದರೆ ಹೊಲಿದವನ ಮನೆಗೇ ಹೋಗಿ ಜಗಳ. “ಗಂಡಸು ಬರೂದು ಮನ್ಯಾಗಿನವ್ರಿಗೆ ಮೊದಲ ಕೇಳಬೇಕು, ಆಮ್ಯಾಲೆ ಕಾಣಬೇಕು,” ಅನ್ನುತ್ತಿದ್ದರು.

ಅವರ ಮೊಮ್ಮಗಳು ನೀಲಾ. ಸಂಜೆ ನಮ್ಮ ಕಟ್ಟೆಗೆ ಬಂದು ನನ್ನ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದಳು. ಏಳನೆಯ ಇಯತ್ತೆ, ಎರಡು ಜಡೆ. ಒಮ್ಮೆ ಕೇಳಿದ ಸ್ಪೆಲಿಂಗ್ ಮರೆಯುತ್ತಿರಲಿಲ್ಲ. ಕಾಕಾ ಪಕ್ಕದಲ್ಲಿ ಎಲೆ ಮಡಿಚುತ್ತ ಕೇಳುತ್ತಿದ್ದರು. ಅರ್ಥ ಏನೂ ಆಗುತ್ತಿರಲಿಲ್ಲ, ಆದರೆ ಅವಳು ತಡವರಿಸಿದರೆ ಅವರ ಕೈ ನಿಲ್ಲುತ್ತಿತ್ತು.

ನಮ್ಮೂರಿನ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಮೂರು ಮೈಲಿ ಆಚೆಯ ದೊಡ್ಡೂರಿನ ಹೈಸ್ಕೂಲು. ಮಳೆ ಬಿದ್ದರೆ ಗಾಡಿ ಹಾದಿ ಎತ್ತಿನ ಹೊಟ್ಟೆಯ ಮಟ್ಟ ಕೆಸರು. ಎತ್ತರವಾಗಿ ಇದ್ದದ್ದು ಒಂದೇ, ಹೊಸದಾಗಿ ತೋಡಿದ ಕಾಲುವೆಯ ದಂಡೆ. ಊರ ಮಗ್ಗುಲಿನಿಂದ ಹೊರಟು ಹೈಸ್ಕೂಲಿನ ಹತ್ತಿರವೇ ಹಾಯುತ್ತಿತ್ತು. ಆದರೆ ತೋಡಿ ಒಗೆದ ಹೆಂಟೆ ಹಾಗೇ ಬಿದ್ದಿತ್ತು, ಜಾಲಿಮುಳ್ಳು ಬೆಳೆದಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಊರಿಗೆ ಹತ್ತಿದ ಮೊದಲ ಎರಡು ಫರ್ಲಾಂಗು ದಂಡೆ ಗಂಡಸರು ಬೆಳಗ್ಗೆ ಬಯಲಕಡೆಗೆ ಕೂರುವ ಜಾಗ. ನೀರು ಕೈಗೆ ಸಿಗುತ್ತಿತ್ತು, ಮುಳ್ಳಿನ ಮರೆಯಿತ್ತು. ನಸುಕಾದರೆ ಸಾಲಾಗಿ ಚರಿಗೆಗಳು.

“ವಯಸ್ಸಿಗೆ ಬರೂ ಹುಡಿಗಿ ಆ ಸಾಲಿನ ನಡುವ ಹಾದು ಸಾಲಿ ಕಲಿಯಾಕ ಹೋಗೂದೇನು?” ಎಂದು ನೀಲಾಳ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ. ಏಳಕ್ಕೆ ಸಾಕು, ಮುಂದೆ ಗಂಡು ನೋಡುವುದು. ಅವನು ಕೆಟ್ಟವನಲ್ಲ, ಅವನು ಹೇಳಿದ್ದೂ ಸುಳ್ಳಲ್ಲ. ನನಗೆ ಮಾತ್ರ ತಡೆಯಲಾರದ ಸಿಟ್ಟು. ಹೌ ಅನ್‌ಫೇರ್, ಹೌ ಅನ್‌ಫೇರ್ ಎಂದು ಅಡುಗೆಮನೆಯಲ್ಲಿ ಒಬ್ಬಳೇ ಗೊಣಗಿದೆ. ಅದರಿಂದ ರೊಟ್ಟಿ ಹರಿಯಿತೇ ಹೊರತು ಏನೂ ಆಗಲಿಲ್ಲ.

ಕಾಕಾ ಮಗನಿಗೆ ಎದುರು ಆಡಲಿಲ್ಲ. ದೀಪಾವಳಿ ಮುಗಿದ ಮಾರನೆಯ ವಾರ ಕೊಡಲಿ ಹಿಡಿದು ದಂಡೆ ಹತ್ತಿದರು.

ಮೊದಲು ಜಾಲಿ ಕಡಿದರು. ಎಂಟು ದಿನ ಒಬ್ಬರೇ. ಒಂಬತ್ತನೆಯ ದಿನ ನಾಲ್ಕು ಜನ ಸೇರಿದರು, ಆಮೇಲೆ ಮನೆಗೊಂದು ಗಾಡಿ ಗರಸು ಎಂದಾಯಿತು. ಸಣ್ಣ ಕಲ್ಲು ಬೆರೆತ ಕೆಂಪು ಗರಸನ್ನು ಸುರಿದು, ದಮ್ಮಸಿನ ಮರದ ಕೊರಡು ಎತ್ತಿ ಎತ್ತಿ ಬಡಿದು ಗಟ್ಟಿಮಾಡುವ ಧಪ್ ಧಪ್ ಊರ ತನಕ ಕೇಳುತ್ತಿತ್ತು. ಆ ದಿನಗಳು ನೆನಪಾದರೆ ಬೆಳಕೇ ಬೇರೆ ಥರ ಅನಿಸುತ್ತದೆ. ಕಾಲುವೆಯ ಮೇಲೆ ಮಂಜು, ಆಚೆ ಕುಸುಬಿಯ ಹಳದಿ, ಅದರ ನಡುವೆ ಕೆಂಪಗೆ ಒಂದು ಗೆರೆ ದಿನಕ್ಕಿಷ್ಟು ಉದ್ದವಾಗುತ್ತಿತ್ತು. ನಾನು ಅದನ್ನು ಮಾಳಿಗೆಯಿಂದ ನೋಡಿದೆನೋ ಕನಸಿನಲ್ಲೋ, ಈಗ ಹೇಳಲಾರೆ.

ನೀರಾವರಿಯ ಓವರ್‌ಸಿಯರ್ ಒಬ್ಬರು ಮೋಟಾರ್‌ಸೈಕಲ್ಲಿನಲ್ಲಿ ಬಂದು ಕೂಗಾಡಿದ್ದುಂಟು.

“ಸರಕಾರದ ದಂಡಿ ಇದು! ಯಾರ್ನ ಕೇಳಿ ಕೈ ಹಚ್ಚೀರಿ?”

“ಸರಕಾರದ್ದಽ ಇರಲಿ ಸಾಹೇಬರ. ಸರಕಾರ ಬಂದ್ರ ಕಾಲಿಗೆ ಮುಳ್ಳ ಚುಚ್ಚಬಾರದು ಅಂತ ಮಾಡಾಕತ್ತೀವಿ.”

“ನಿಲ್ಲಸ್ರಿ ಮೊದಲ!”

“ನಿಲ್ಲಸ್ತೀವ್ರಿ. ಮಜ್ಜಿಗಿ ಕುಡೀರಿ. ನೀವು ಗಾಡಿ ಹಾದೀಲೆ ಬಂದ್ರೋ, ದಂಡೀಲೆ ಬಂದ್ರೋ?”

ಸಾಹೇಬರು ತಮ್ಮ ಪ್ಯಾಂಟು ನೋಡಿಕೊಂಡರು. ಬರುವಾಗ ಗಾಡಿ ಹಾದಿಯ ಹಸಿಯಲ್ಲಿ ಸಿಕ್ಕು ಮೊಣಕಾಲ ತನಕ ಕಪ್ಪಾಗಿದ್ದರು. ಮಜ್ಜಿಗೆ ಕುಡಿದು, ಹೋಗುವಾಗ ದಂಡೆಯ ಮೇಲಿಂದಲೇ ಹೋದರು.

ಹಾದಿ ಮುಗಿಯಿತು. ಮಾರನೆಯ ನಸುಕಿಗೆ ಕಾಕಾ ನೋಡಲು ಹೋದರೆ ಚರಿಗೆಯ ಸಾಲು ಮೊದಲಿಗಿಂತ ಉದ್ದವಾಗಿತ್ತು! ಎದುರು ಮನೆಯ ಬಸಪ್ಪ ಕುಳಿತಲ್ಲಿಂದಲೇ ಮೆಚ್ಚಿಗೆ ಹೇಳಿದನಂತೆ. “ಕಾಕಾ, ಅಗದಿ ಬೇಸಿ ಆತ ನೋಡ್ರಿ. ಮೊದಲ ಕುಂಡರಾಕ ಹೋದ್ರ ಮುಳ್ಳು. ಈಗ ಗಾದಿ ಹಾಸಿಧಂಗ ಆಗೇತಿ. ಪುಣ್ಯಾ ಬರಲಿ ನಿಮಗ.”

ಇದನ್ನು ಕಾಕಾ ನನಗೆ ಹೇಳಿದ್ದು ಮುಖ ಗಂಟು ಹಾಕಿಕೊಂಡೇ. ನಾನು ನಗು ತಡೆಯಲಾರದೆ ಒಳಗೆ ಓಡಿದೆ. ನೀಲಾ ನಗಲಿಲ್ಲ. ಪಾಟಿಯ ಮೇಲೆ ಏನೋ ಬರೆದು ಅಳಿಸುತ್ತಿದ್ದಳು.

ಆಮೇಲೆ ಅವರು ಕೆಲವು ದಿನ ಸುಮ್ಮನಿದ್ದರು. ಬಿಳಿಜೋಳ ಕೊಯ್ಲಾಯಿತು, ಸುಗ್ಗಿ ಬಂತು. ಊರವರೆಲ್ಲ ತಮ್ಮ ತಮ್ಮ ಹೊಲದಲ್ಲಿ ಕಣ ಮಾಡಿಕೊಂಡರೆ, ಕಾಕಾ ತೆನೆಯ ಗಾಡಿಗಳನ್ನು ನೇರ ದಂಡೆಯ ಮೇಲೆ ಹೊಡೆದರು. ಗರಸಿನ ಮೇಲೆ ತೆಳ್ಳಗೆ ಎರೆಮಣ್ಣು ಹರವಿ, ಕಾಲುವೆಯ ನೀರು ಚಿಮುಕಿಸಿ, ಹೊಟ್ಟು ಉದುರಿಸಿ, ಕಲ್ಲಿನ ಗುಂಡು ಉರುಳಿಸಿ, ಸಗಣಿ ಸಾರಿಸಿದರು. ಕನ್ನಡಿಯಂಥ ನೆಲವಾಯಿತು. ಅಂಚಿಗೆ ಮೇಟಿ ನೆಟ್ಟರು. ಮೇಟಿ ಅಂದರೆ ಕಣದ ಕಂಬ, ಅದಕ್ಕೇ ಎತ್ತು ಕಟ್ಟಿ ತೆನೆ ತುಳಿಸುವುದು, ಅದಕ್ಕೇ ಪೂಜೆ.

“ಏನ್ರಿ ಕಾಕಾ, ಹುಚ್ಚ ಹಿಡೀತೇನು? ಇಷ್ಟ ಅಗಲದಾಗ ಎತ್ತು ಹೆಂಗ ಸುತ್ತಬೇಕು?” ಎಂದ ಬಸಪ್ಪ.

“ಸುತ್ತೂದ್ಯಾಕ? ಉದ್ದಕ ಹೋಗಲಿ, ಹೊಳ್ಳಿ ಬರಲಿ.”

ಎರಡು ಫರ್ಲಾಂಗು ಉದ್ದದ ಕಣ! ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೆ ಕಣ ಎಂದರೆ ಕಣವೇ. ಅಲ್ಲಿ ಯಾರೂ ಮೆಟ್ಟು ಹಾಕುವುದಿಲ್ಲ, ಉಗುಳುವುದಿಲ್ಲ, ಜೋರು ಮಾತೂ ಆಡುವುದಿಲ್ಲ. ಇನ್ನು ಚರಿಗೆಯ ಮಾತೆಲ್ಲಿ? ಒಂದೇ ದಿನದಲ್ಲಿ ಸಾಲು ಹಳ್ಳದ ಕಡೆ ತಿರುಗಿತು. ಬಸಪ್ಪ ಚರಿಗೆ ಹಿಡಿದು ಅಭ್ಯಾಸಬಲದಿಂದ ಬಂದವನು ಮೇಟಿ ನೋಡಿ, ಚರಿಗೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಒಂದೇ ಕೈ ಎತ್ತಿ ಮುಗಿದು ಹೋದದ್ದನ್ನು ನಾನೇ ಕಂಡೆ.

ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ಮೇಟಿ ಕೀಳುವುದು ಪದ್ಧತಿ. ಕಿತ್ತರೆ ಕಣ ಮುಗಿಯಿತು, ನೆಲ ಮತ್ತೆ ಬರೀ ನೆಲ. ಕಾಕಾ ಕೀಳಲಿಲ್ಲ. ಯಾರಾದರೂ ಕೇಳಿದರೆ “ಇನ್ನೊಂದೀಟ ಕಾಳ ಬರೂದೈತಿ” ಎನ್ನುತ್ತಿದ್ದರು. ಜೂನ್ ತಿಂಗಳಲ್ಲಿ ಆ ಕಾಳು ಬಂತು. ನೀಲಾ, ಅವಳ ಹಿಂದೆ ಇನ್ನೂ ನಾಲ್ಕು ಹುಡುಗಿಯರು, ಎದೆಗೆ ಪುಸ್ತಕ ಅವುಚಿಕೊಂಡು ದಂಡೆ ಹತ್ತಿ ಹೈಸ್ಕೂಲಿಗೆ ಹೋದರು. ಮಳೆ ಬಂದಾಗಲೂ ಗರಸು ಕಾಲು ಹಿಡಿಯಲಿಲ್ಲ. ಬಸುರಿಯರು ದವಾಖಾನೆಗೆ, ಮುದುಕರು ಸಂತೆಗೆ, ಎಲ್ಲ ಅದರ ಮೇಲೇ. ಕಣ ಸುರುವಾಗುವಲ್ಲಿ ಒಂದು ಬೇವಿನ ಗಿಡ. ಅಲ್ಲಿ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದು, ಎರಡು ಫರ್ಲಾಂಗು ಬರಿಗಾಲಲ್ಲಿ ನಡೆದು, ಆಚೆ ಮತ್ತೆ ಹಾಕಿಕೊಳ್ಳುವುದು. ನಾನೂ ಸ್ಯಾಂಡಲ್ ಬಿಚ್ಚುತ್ತಿದ್ದೆ. ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ಕಾನ್ವೆಂಟಿನ ಪ್ರಾರ್ಥನೆಯ ಚಾಪೆಲ್‌ನ ನೆಲದ ಹಾಗೆ.

ಕಾಕಾನ ಲೆಕ್ಕದಲ್ಲಿ ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಾದದ್ದು ಜುಲೈದಲ್ಲಿ. ನೀಲಾ ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಆಗಸ್ಟಿನಲ್ಲಿ ಮತ್ತೆ ನಾಲ್ಕು ದಿನ. ಉಳಿದ ಹುಡುಗಿಯರೂ ಸರದಿಯ ಮೇಲೆ ಮನೆಯಲ್ಲಿ. ಹೊರಗಾದ ಹೆಂಗಸು ಕಣಕ್ಕೆ ಕಾಲಿಡಬಾರದು. ಕಾಕಾ ಗಂಡಸರ ಕಾಲನ್ನೆಲ್ಲ ಲಕ್ಷ್ಯದಲ್ಲಿಟ್ಟು ಕಣ ಕಟ್ಟಿದ್ದರು, ಹುಡುಗಿಯರ ತಿಂಗಳು ಅವರಿಗೆ ಹೊಳೆದಿರಲಿಲ್ಲ. ಯಾವ ಹುಡುಗಿ ಯಾವ ದಿನ ದಂಡೆಯ ಮೇಲಿಲ್ಲ ಎಂಬುದು ಈಗ ಊರಿಗೇ ತಿಳಿಯುತ್ತಿತ್ತು. ದ ಪೂರ್ ಥಿಂಗ್ಸ್, ತಲೆ ಎತ್ತುತ್ತಿರಲಿಲ್ಲ.

ನಾನು ಹೇಳಬೇಕಿತ್ತು. “ಅದು ಹೆಂಗಸರ ಮಾತು, ಗಂಡಸರ ಮುಂದ ಎತ್ತಬ್ಯಾಡ,” ಎಂದರು ಅತ್ತೆ. ಇಂಗ್ಲಿಷಿನಲ್ಲಿ ಅಷ್ಟೆಲ್ಲ ಸಿಟ್ಟು ಮಾಡುವ ನಾನು ಕನ್ನಡದಲ್ಲಿ ಒಂದು ಮಾತು ಆಡಲಿಲ್ಲ. ಇಂದಿಗೂ ಅದು ಚುಚ್ಚುತ್ತದೆ.

ಸಹಾಮಾಹಿ, ಅಂದರೆ ಅರ್ಧವಾರ್ಷಿಕ ಪರೀಕ್ಷೆಯ ಮೊದಲ ದಿನ ನಾನು ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದೆ. ಗೋಡೆಯ ಆಚೆ ನೀಲಾ ಗೋಣಿಚೀಲದ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಕಂಪಾಸ್ ಪೆಟ್ಟಿಗೆ. ಅದರ ಮುಚ್ಚಳ ತೆರೆಯುವುದು, ಮುಚ್ಚುವುದು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಸುಮ್ಮನೆ ಒಳಗೆ ಬಂದುಬಿಡುತ್ತಿದ್ದೆನೋ ಏನೋ. ಹಸಿ ಸೀರೆಯನ್ನು ಗೋಡೆಯ ಮೇಲೇ ಬಿಟ್ಟು ಮುಂದಿನ ಕಟ್ಟೆಗೆ ಬಂದೆ. ಕಾಕಾ ತಮ್ಮ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಕಾಕಾ, ನಿಮ್ಮ ಕಣದಾಗ ನೀಲಾ ಇವತ್ತ ಕಾಲ ಇಡೂಹಂಗಿಲ್ಲರಿ,” ಎಂದೆ. ಅಷ್ಟೇ.

ಅವರು ನನ್ನ ಕಾಲು ನೋಡಿದರು. ಆಮೇಲೆ ಒಳಗೆ ಹೋದರು. ನೀಲಾಳ ಆಯಿ, ಕಾಕಾನ ಹೆಂಡತಿ, ಒಲೆಯ ಮುಂದೆ ಇದ್ದರು. ಮಾತು ಹೊರಗೆ ಸ್ಪಷ್ಟವಾಗಿ ಕೇಳಿತು.

“ನೀಲಾನ ಪರೀಕ್ಷಾ ಇಲ್ಲೇನು ಇವತ್ತ?”

“ಐತಿ.”

“ಮತ್ತ?”

“ಮತ್ತೇನ ಮತ್ತ? ಕಣಾ ಮಾಡಿದಾವ್ರು ನೀವು. ಮೇಟಿ ಕೀಳದಽ ಬಿಟ್ಟಾವ್ರು ನೀವು. ಈಗ ಬಂದು ನನ್ನ ಕೇಳಿದ್ರ?”

ರೊಟ್ಟಿ ಬಡಿಯುವ ಸದ್ದು ಜೋರಾಯಿತು.

“ಲಿಂಗಾ ಕಟ್ಟಿದ ಮೈಗೆ ಮೈಲಿಗಿ ಇಲ್ಲ ಅಂತಿದ್ಲು ನಮ್ಮವ್ವ,” ಎಂದರು ಕಾಕಾ.

“ಅಂತಿದ್ರು ಖರೆ. ಒಮ್ಮ್ಯರೆ ಕಣಕ್ಕ ಬಂದಿದ್ರೇನು?”

ಕಾಕಾ ಹೊರಗೆ ಬಂದರು. ಮೇಟಿ ಕಿತ್ತುಬಿಟ್ಟರೆ ಹೇಗೆ ಎಂದು ನಾನು ಕೇಳಿದೆ. “ಇವತ್ತ ಕಿತ್ರ ನಾಳೆ ನಸಕಿಗೆ ಚರಿಗಿ ಬರ್ತಾವ, ನಾಡದ ಹುಡಿಗ್ಯಾರು ಮನ್ಯಾಗ,” ಎಂದರು. ಕಟ್ಟೆಯ ಮೂಲೆಯಲ್ಲಿದ್ದ ಮೆಟ್ಟು ತೆಗೆದುಕೊಂಡು, ಒಂದಕ್ಕೊಂದು ಬಡಿದು ಧೂಳು ಝಾಡಿಸಿದರು. ಹಾಕಿಕೊಂಡರು. ಹಿತ್ತಿಲ ಕಡೆ ಮುಖ ಮಾಡಿ ಕೂಗಿದರು.

“ನೀಲವ್ವಾ, ಪೆಟಗಿ ತಗೊಂಡು ಬಾ. ಹೋಗೂಣು.”

ಕಿರ್ರ್, ಕಿರ್ರ್. ಮುಂದೆ ಅವರು, ಹತ್ತು ಹೆಜ್ಜೆ ಹಿಂದೆ ನೀಲಾ, ಅವಳ ಹಿಂದೆ ನಾನು. ಬೇವಿನ ಗಿಡದ ಕೆಳಗೆ ಎಂದಿನಂತೆ ಏಳೆಂಟು ಜನ ಮೆಟ್ಟು ಬಿಚ್ಚುತ್ತ ನಿಂತಿದ್ದರು. ಕಾಕಾ ನಿಲ್ಲಲಿಲ್ಲ.

“ಕಾಕಾ, ಮೆಟ್ಟು!” ಬಸಪ್ಪ ಚೀರಿದ.

“ಗೊತ್ತೈತಿ.”

“ಕಣ ರೀ ಅದು!”

“ಮಾಡಿದಾಂವ ನಾನು. ನನಗ ಹೇಳ್ತಿ?”

ಸಾರಿಸಿದ ನೆಲದ ಮೇಲೆ ಆ ಸದ್ದು ಬೇರೆಯೇ ಇತ್ತು. ಯಾರೋ ಒಬ್ಬರು ಹಲ್ಲು ಕಡಿದ ಹಾಗೆ. ಹೊಲದಲ್ಲಿದ್ದವರು ಕೆಲಸ ಬಿಟ್ಟು ನೋಡಿದರು. ಕಾಕಾನ ಕುತ್ತಿಗೆ ನೆಟ್ಟಗಿತ್ತು. ಅರವತ್ತು ಸುಗ್ಗಿ ಕಂಡ ಮನುಷ್ಯ. ಕಣದಲ್ಲಿ ಬಿದ್ದ ಒಂದು ಕಾಳನ್ನೂ ಕಣ್ಣಿಗೊತ್ತಿಕೊಂಡು ಎತ್ತುವವರು. ಮೇಟಿಯ ಹತ್ತಿರ ನಿಂತು ಅದನ್ನು ಮುಟ್ಟಿ, ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಈ ಕಣಾ ಮೊದಲ ಕೆಡಿಸಿದಾಂವ ನಾನು. ನೋಡಿ ಇಟಗೋರಿ. ಇನ್ನ ಮ್ಯಾಲೆ ಇದರ ಮ್ಯಾಲೆ ಯಾರು ಹಾದ್ರೂ, ಯಾವತ್ತ ಹಾದ್ರೂ, ಹೆಂಗ ಹಾದ್ರೂ, ಕೇಡು ನನ್ನ ಹೊಲಕ್ಕ ಬರಲಿ. ಮತ್ತೊಬ್ಬರನ್ನ ಕೇಳೂಹಂಗಿಲ್ಲ.” ಆಮೇಲೆ ಬಸಪ್ಪನ ಕಡೆ ನೋಡಿ, “ಮೇಟಿ ಮಾತ್ರ ಇಲ್ಲೇ ಇರತೈತಿ. ಇದರ ಮುಂದ ಚರಿಗಿ ಹಿಡಕೊಂಡು ಕುಂಡರೂ ಧೈರ್ಯಾ ಇದ್ದಾವ್ರು ಕುಂಡರ್ರಿ, ನೋಡೂಣು.”

ಯಾಕೆ ಎಂದು ಅವರು ಹೇಳಲಿಲ್ಲ. ನೀಲಾಳ ಕಡೆ ತಿರುಗಿಯೂ ನೋಡಲಿಲ್ಲ. ಮೈಲಿಗೆಯೆಲ್ಲ ಅವರ ಮೆಟ್ಟಿಗೆ ಅಂಟಿತು. ಹಿಂದೆ ಬರುತ್ತಿದ್ದ ಹುಡುಗಿಯ ಲೆಕ್ಕ ಅಂದು ಯಾರೂ ಇಡಲಿಲ್ಲ, ಆಮೇಲೂ ಇಡಲಿಲ್ಲ. ನಾನು ಬೇವಿನ ಗಿಡದ ಹತ್ತಿರ, ಅಭ್ಯಾಸಬಲದಿಂದ ಬಿಚ್ಚಿದ ಸ್ಯಾಂಡಲ್ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ನೀಲಾ ಆ ಸದ್ದಿನ ಬೆನ್ನು ಹತ್ತಿ ದಂಡೆಯುದ್ದಕ್ಕೂ ಚಿಕ್ಕದಾಗುತ್ತ ಹೋದಳು.

ಆ ಸಂಜೆ ಮೆಟ್ಟು ದನದ ಕೊಟ್ಟಿಗೆಯ ಗೂಟಕ್ಕೆ ಏರಿತು. ಮತ್ತೆ ಇಳಿಯಲಿಲ್ಲ. ಆಯಿ ಬೈದರು, ಮಗ ಹೊಸ ಜೋಡು ತಂದ. “ಕಣಾ ಮೆಟ್ಟಿದ ಕಾಲಿಗೆ ಮತ್ತ ಮೆಟ್ಟ್ಯಾಕ?” ಎಂದು ಕಾಕಾ ಬರಿಗಾಲಲ್ಲೇ ಉಳಿದರು. ಮನೆಗೆ ಬರುವುದು ಯಾರಿಗೂ ಕೇಳದ ಮನುಷ್ಯರಾದರು. ಒಮ್ಮೆಲೇ ಎದುರಿಗೆ ಬಂದು ನಿಂತಿರುತ್ತಿದ್ದರು, ನಾನು ಬೆಚ್ಚಿಬೀಳುತ್ತಿದ್ದೆ. ಆ ವರ್ಷ ಅವರ ಹೊಲಕ್ಕೆ ಏನಾಗುತ್ತದೆಂದು ಊರೆಲ್ಲ ಕಾಯಿತು. ಬೆಳೆ ಹೆಚ್ಚೂ ಬರಲಿಲ್ಲ, ಕಡಿಮೆಯೂ ಆಗಲಿಲ್ಲ. “ದೇವ್ರು ಇನ್ನೂ ಇಚಾರ ಮಾಡಾಕತ್ತಾನ,” ಎಂದ ಬಸಪ್ಪ.

ನೀಲಾ ಹೋದ ತಿಂಗಳು ಬಂದಿದ್ದಳು. ಟೀಚರ್ ಆಗಿ ರಿಟೈರ್ ಆಗಿ, ಅವಳೇ ಈಗ ಅಜ್ಜಿ. ದಂಡೆಗೆ ಡಾಂಬರು ಬಂದಿದೆಯಂತೆ, ಮೇಟಿಯ ಜಾಗದಲ್ಲಿ ಏನೂ ಇಲ್ಲವಂತೆ. ಬೇವಿನ ಗಿಡದ ಹತ್ತಿರ ಮಾತ್ರ ಕೆಲವು ಮುದುಕರು ಈಗಲೂ ಒಂದು ಕ್ಷಣ ತಡೆದು ನಿಲ್ಲುತ್ತಾರಂತೆ, ಯಾಕೆಂದು ಗೊತ್ತಿಲ್ಲದೆ.

ನಾನು ಕಾಕಾನನ್ನು ಕೊನೆಯ ಸಲ ಕಂಡದ್ದು ನಾವು ಊರು ಬಿಟ್ಟ ದಿನ. ನನ್ನ ಗಂಡನಿಗೆ ಧಾರವಾಡದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತ್ತು. ಸಾಮಾನಿನ ಗಾಡಿಯ ಜೊತೆ ಅವರು ಮುಂದೆ ಹೋಗಿದ್ದರು. ಚಳಿಗಾಲದ ಬೆಳಗು, ಕಾಲುವೆಯಿಂದ ಹಬೆ ಏಳುತ್ತಿತ್ತು, ದಂಡೆ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. ಕಾಕಾ ನನ್ನ ಕೈಚೀಲ ಹಿಡಿದು ಪಕ್ಕದಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದರು. ಬೇವಿನ ಗಿಡದ ಹತ್ತಿರ ನಾನು ಸ್ಯಾಂಡಲ್ ಬಿಚ್ಚಲು ಬಗ್ಗಿದೆ.

“ಹಾಕ್ಕೋ,” ಎಂದರು.

“ಇರಲಿ ಕಾಕಾ, ರೂಢಿ ಆಗೇತ್ರಿ.”

“ಹಾಕ್ಕೋ ಕಾನ್ವೆಂಟವ್ವಾ. ನೀ ಬಿಚ್ಚಿದ್ರ ನಾ ಅವತ್ತ ನಡದದ್ದು ಸುಳ್ಳ ಆಗತೈತಿ.”

ಹಾಕಿಕೊಂಡೆ. ಅವರ ಕಣದ ಮೇಲೆ ಸ್ಯಾಂಡಲ್ಲಿನಲ್ಲಿ ನಡೆದದ್ದು ಅದೇ ಮೊದಲು. ನನ್ನ ಹಿಮ್ಮಡಿ ಟಕ್ ಟಕ್ ಅನ್ನುತ್ತಿತ್ತು, ನಾಚಿಕೆಯಾಗಿ ತುದಿಗಾಲಲ್ಲಿ ನಡೆಯತೊಡಗಿದೆ. ಮೇಟಿಯ ಹತ್ತಿರ ಬಂದಾಗ ಅವರು ನಿಂತರು. ಚೀಲ ನನ್ನ ಕೈಗೆ ಕೊಟ್ಟರು. ಎಂದಿನಂತೆ ಮುಖ ನೋಡಲಿಲ್ಲ, ನನ್ನ ಕಾಲು ನೋಡಿದರು.

“ಕಾಲ ಪೂರಾ ಊರು. ಸಪ್ಪಳಾ ಮಾಡಕೊಂತ ಹೋಗು,” ಎಂದರು. “ನನಗ ಕೇಳಬೇಕು.”

ನಾನು ಪಾದ ಪೂರ್ತಿ ಊರಿ, ಹಿಮ್ಮಡಿ ಬಡಿದು ನಡೆದೆ. ತಿರುವಿನಲ್ಲಿ ಹೊರಳಿ ನೋಡಿದಾಗ ಮಂಜಿನಲ್ಲಿ ಮೇಟಿ ಇತ್ತು. ಅದಕ್ಕೆ ಒಂದು ಕೈ ಆನಿಸಿ, ತಲೆ ತುಸು ಓರೆ ಮಾಡಿ, ಅವರು ಕೇಳುತ್ತ ನಿಂತಿದ್ದರು.